‘ಹೂಂ ಸಿಸ್ಟರ್’ ಅಂದರೆ ಸಾಲದು: ನರ್ಸ್ ಅಷ್ಟೊಂದು ಪ್ರಶ್ನೆ ಕೇಳೋದು ಯಾಕೆ?

ಆಸ್ಪತ್ರೆಗೆ ಸೇರಿದ್ದೀರಿ. ಕೈಗೆ ಪಟ್ಟಿ ಕಟ್ಟಿದ್ದಾರೆ, ಅದರ ಮೇಲೆ ನಿಮ್ಮ ಹೆಸರಿದೆ. ಫೈಲಿನ ಮೇಲೂ ಇದೆ. ಆದರೂ ನರ್ಸ್ ಹತ್ತಿರ ಬಂದು ‘ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಕು ಹೇಳಿ’ ಅನ್ನುತ್ತಾರೆ. ಈಗಷ್ಟೇ ಹೇಳಿದೆನಲ್ಲ ಅಂತ ನಿಮಗೆ ಬೇಜಾರು. ಆದರೆ ಅವರು ‘ನೀವು ಇಂಥವರೇ ಅಲ್ವಾ?’ ಅಂತ ಕೇಳಲಿಲ್ಲ, ಗಮನಿಸಿದಿರಾ? ಹಾಗೆ ಕೇಳಿದರೆ ಜ್ವರದ ಮಂಪರಿನಲ್ಲಿರುವವರು, ಕಿವಿ ಸರಿಯಾಗಿ ಕೇಳಿಸದವರು, ಹೆದರಿ ಮುದುಡಿ ಕೂತವರು ‘ಹೂಂ’ ಅಂದುಬಿಡುತ್ತಾರೆ. ಆ ಒಂದು ‘ಹೂಂ’ ಸಾಕು, ಪಕ್ಕದ ಹಾಸಿಗೆಯವರ ಇಂಜೆಕ್ಷನ್ ನಿಮಗೆ ಬೀಳೋಕೆ.

ರೋಗಿಯನ್ನು ಮಾತಾಡಿಸುವ ವಿದ್ಯೆಯ ತಿರುಳು ಇಲ್ಲೇ ಇದೆ. ಪ್ರಶ್ನೆ ಹೇಗಿರುತ್ತದೋ ಉತ್ತರವೂ ಹಾಗೇ ಬರುತ್ತದೆ. ಹೌದು-ಇಲ್ಲ ಅಂತ ಕೇಳಿದರೆ ಹೌದು-ಇಲ್ಲವಷ್ಟೇ ಸಿಗುತ್ತದೆ. ಅದರಲ್ಲೂ ಹುಷಾರಿಲ್ಲದ ಮನುಷ್ಯ ಎದುರಿಗಿರುವವರಿಗೆ ಇಷ್ಟವಾಗುವ ಉತ್ತರವನ್ನೇ ಕೊಡೋಕೆ ನೋಡುತ್ತಾನೆ.

ಇದನ್ನು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿಟ್ಟಿದ್ದರು. ‘ರಾತ್ರಿ ಚೆನ್ನಾಗಿ ಕಳೆಯಿತಾ?’ ಅಂತ ಕೇಳಬೇಡಿ, ಎಷ್ಟು ಗಂಟೆ ನಿದ್ದೆ ಬಂತು, ಯಾವ ಹೊತ್ತಿನಲ್ಲಿ ಬಂತು ಅಂತ ಕೇಳಿ ಅನ್ನುವುದು ಅವರ ಮಾತು. ಒಬ್ಬರಿಗೆ ಹತ್ತು ಗಂಟೆ ಒಂದೇ ಸಮನೆ ನಿದ್ದೆ ಬರದಿದ್ದರೆ ಅದು ಕೆಟ್ಟ ರಾತ್ರಿ. ಇನ್ನೊಬ್ಬರಿಗೆ ಆಗಾಗ ಜೊಂಪು ಹತ್ತಿದರೂ ಪರವಾಗಿಲ್ಲ. ಇಬ್ಬರು ರೋಗಿಗಳ ನಿದ್ದೆಯ ಬಗ್ಗೆ ಒಂದೇ ಉತ್ತರ ಬಂದಿದ್ದನ್ನೂ ಅವರು ದಾಖಲಿಸಿದ್ದಾರೆ. ಒಬ್ಬರಿಗೆ ನಡುವೆ ಎಚ್ಚರವಾಗಿತ್ತು, ಅಷ್ಟೇ. ಇನ್ನೊಬ್ಬರು ಐದು ದಿನ ಐದು ರಾತ್ರಿ ಕಣ್ಣೇ ಮುಚ್ಚಿರಲಿಲ್ಲ, ಕೊನೆಗೆ ತೀರಿಕೊಂಡರು.

ಹಾಗಾದರೆ ಡಾಕ್ಟರ್ ಎಲ್ಲ ಕೇಳಿ ಆದ ಮೇಲೆ ನರ್ಸ್ ಮತ್ತೆ ಯಾಕೆ ಕೇಳಬೇಕು? ಇಬ್ಬರು ಹುಡುಕುತ್ತಿರುವುದು ಬೇರೆ ಬೇರೆ. ಡಾಕ್ಟರ್ ಮುಖ್ಯವಾಗಿ ಯಾವ ಕಾಯಿಲೆ ಅಂತ ಹುಡುಕುತ್ತಾರೆ. ಆ ಕಾಯಿಲೆ ಈ ಮನುಷ್ಯನ ದಿನವನ್ನು ಏನು ಮಾಡಿದೆ ಅನ್ನುವುದು ನರ್ಸ್‌ಗೆ ಬೇಕು. ಊಟ ಸೇರುತ್ತಿದೆಯಾ, ಮೂತ್ರ-ಮಲ ಹೇಗೆ ಹೋಗುತ್ತಿದೆ, ಒಬ್ಬರೇ ಎದ್ದು ಸ್ನಾನದ ಮನೆಗೆ ಹೋಗಬಲ್ಲರಾ, ನಿದ್ದೆ ಹೇಗೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಮನಸ್ಸಿಗೆ ಏನು ಚಿಂತೆ. ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಮಾರ್ಜರಿ ಗಾರ್ಡನ್ ಇವನ್ನೆಲ್ಲ 11 ಗುಂಪು ಮಾಡಿ ಜೋಡಿಸಿದರು. ಎಷ್ಟೋ ನರ್ಸಿಂಗ್ ಕಾಲೇಜುಗಳಲ್ಲಿ ಇವತ್ತಿಗೂ ಅದೇ ಚೌಕಟ್ಟಿನಲ್ಲಿ ಕಲಿಸುತ್ತಾರೆ. ನಿದ್ದೆ, ಊಟದ ಜೊತೆಗೆ ನಂಬಿಕೆ, ಸಂಬಂಧಗಳು, ಕಷ್ಟ ಬಂದಾಗ ತಡೆದುಕೊಳ್ಳುವ ರೀತಿ ಕೂಡ ಆ ಪಟ್ಟಿಯಲ್ಲಿವೆ.

ಈ ಮಾತುಕತೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅರವತ್ತು ದಾಟಿದ ಒಬ್ಬ ಹೆಂಗಸು ಬಂದಿದ್ದಾರೆ ಅಂದುಕೊಳ್ಳಿ. ಏನಾಗುತ್ತಿದೆ ಅಂದರೆ ‘ಏನಿಲ್ಲ ಸಿಸ್ಟರ್, ಸ್ವಲ್ಪ ಸುಸ್ತು ಅಷ್ಟೇ’ ಅನ್ನುತ್ತಾರೆ. ಸುಸ್ತು ಅಂತ ಬರೆದುಕೊಂಡು ಮುಂದೆ ಹೋದರೆ ಮಾತು ಅಲ್ಲಿಗೇ ಮುಗಿಯಿತು. ಒಳ್ಳೆಯ ನರ್ಸ್ ಹಾಗೆ ಮಾಡುವುದಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂರುತ್ತಾರೆ.

‘ಸುಸ್ತು ಅಂದರೆ ನಿಮಗೆ ಏನು ಮಾಡೋಕೆ ಕಷ್ಟ ಆಗ್ತಿದೆ ಅಮ್ಮ?’

‘ಮೆಟ್ಟಿಲು ಹತ್ತೋಕೆ ಆಗಲ್ಲ. ಅರ್ಧಕ್ಕೆ ನಿಂತುಬಿಡ್ತೀನಿ.’

‘ಎರಡು ತಿಂಗಳ ಹಿಂದೆ ಹೇಗಿತ್ತು?’

‘ಆಗ ಎಲ್ಲೂ ನಿಲ್ತಾ ಇರಲಿಲ್ಲ.’

‘ರಾತ್ರಿ ಮಲಗುವಾಗ ಎಷ್ಟು ದಿಂಬು ಇಟ್ಟುಕೊಳ್ತೀರಿ?’

‘ಮೂರು. ಮುಂಚೆ ಒಂದೇ ಸಾಕಾಗ್ತಿತ್ತು. ಈಗ ಚಪ್ಪಟೆ ಮಲಗಿದರೆ ಉಸಿರು ಕಟ್ಟಿದ ಹಾಗಾಗುತ್ತೆ.’

‘ಚಪ್ಪಲಿ ಬಿಗಿ ಆಗಿದೆಯಾ?’

ಅವರು ಒಂದು ಕ್ಷಣ ಸುಮ್ಮನಿದ್ದು, ‘ಅಯ್ಯೋ ಹೌದು, ನಿಮಗೆ ಹೇಗೆ ಗೊತ್ತಾಯ್ತು?’ ಅನ್ನುತ್ತಾರೆ.

ದಿಂಬಿನ ಲೆಕ್ಕ ಕೇಳಿದ್ದಕ್ಕೆ ಕಾರಣವಿದೆ. ಹೃದಯ ರಕ್ತವನ್ನು ಸರಿಯಾಗಿ ಪಂಪ್ ಮಾಡಲಾಗದೆ ಸೋತಾಗ ಮೈಯಲ್ಲಿ ನೀರು ನಿಲ್ಲುತ್ತದೆ. ಹಗಲು ಕಾಲಿಗೆ ಇಳಿದಿದ್ದ ನೀರು ಮಲಗಿದಾಗ ರಕ್ತಕ್ಕೆ ವಾಪಸ್ ಬಂದು ಎದೆಯ ಕಡೆ ತುಂಬುತ್ತದೆ. ಶ್ವಾಸಕೋಶಕ್ಕೆ ಒತ್ತಡ ಬೀಳುತ್ತದೆ. ತಲೆ, ಎದೆ ಎತ್ತರವಾದಷ್ಟೂ ಉಸಿರು ಸಲೀಸು. ಅದಕ್ಕೇ ಜನ ತಮಗೇ ತಿಳಿಯದೆ ದಿಂಬು ಏರಿಸುತ್ತಾ ಹೋಗುತ್ತಾರೆ. ‘ಉಸಿರಾಟದ ತೊಂದರೆ ಇದೆಯಾ?’ ಅಂತ ನೇರವಾಗಿ ಕೇಳಿದ್ದರೆ ಈ ಅಮ್ಮ ಇಲ್ಲ ಅನ್ನುತ್ತಿದ್ದರೇನೋ. ಕೂತಿರುವಾಗ ಅವರಿಗೆ ತೊಂದರೆ ಇಲ್ಲವಲ್ಲ! ಕಾಯಿಲೆಯ ಭಾಷೆಯಲ್ಲಿ ಕೇಳುವ ಬದಲು ದಿನನಿತ್ಯದ ವಸ್ತುಗಳ ಮೂಲಕ ಕೇಳಿದ್ದಕ್ಕೆ ವಿಷಯ ಹೊರಗೆ ಬಂತು. ನನ್ನ ಪ್ರಕಾರ ಇಡೀ ಮಾತುಕತೆಯಲ್ಲಿ ಕಲಿಯಬೇಕಾದ ಅತಿ ದೊಡ್ಡ ಕಲೆ ಇದೇ.

ಇನ್ನೊಂದು ಕಲೆ ಸುಮ್ನೆ ಇರೋದು. 1984ರಲ್ಲಿ ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕಲ್ ಎಂಬ ಇಬ್ಬರು ಸಂಶೋಧಕರು 74 ಭೇಟಿಗಳ ಧ್ವನಿಮುದ್ರಣ ಕೇಳಿ ನೋಡಿದರು. ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕುತ್ತಿದ್ದರು. ಅದು ಡಾಕ್ಟರುಗಳ ಬಗ್ಗೆ ನಡೆದ ಅಧ್ಯಯನ, ಆದರೆ ಪಾಠ ಎಲ್ಲರಿಗೂ ಒಂದೇ. ಜನ ತಮ್ಮ ಮುಖ್ಯ ಭಯವನ್ನು ಮೊದಲ ವಾಕ್ಯದಲ್ಲಿ ಹೇಳುವುದಿಲ್ಲ. ಮೊಣಕಾಲು ನೋವಿನಿಂದ ಶುರು ಮಾಡಿ, ಎದ್ದು ಹೋಗುವಾಗ ‘ಅಂದಹಾಗೆ ಎದೇಲಿ ಒಂದು ಗಂಟು ಇದೆ’ ಅನ್ನುತ್ತಾರೆ. ಅದಕ್ಕೇ ಅನುಭವಿ ನರ್ಸ್ ಕೊನೆಗೆ ‘ಇನ್ನೇನಾದರೂ ಹೇಳಬೇಕು ಅನ್ನಿಸ್ತಿದೆಯಾ?’ ಅಂತ ಕೇಳಿ ಕಾಯುತ್ತಾರೆ. ಆ ಕಾಯುವಿಕೆಯಲ್ಲಿ ಪೆನ್ನು ಕೆಳಗಿರುತ್ತದೆ, ಕಣ್ಣು ಕಂಪ್ಯೂಟರಿನ ಮೇಲಿರುವುದಿಲ್ಲ.

ಮೊದಲು ಬಾಯಿಬಿಟ್ಟು ಹೇಳಲು ಜಾಗ ಕೊಡುವ ಪ್ರಶ್ನೆಗಳು, ಆಮೇಲೆ ಖಚಿತ ಉತ್ತರ ಬೇಡುವ ಪ್ರಶ್ನೆಗಳು. ಕ್ರಮ ಇದು. ನೋವಿದ್ದರೆ ಎಲ್ಲಿ, ಯಾವಾಗಿಂದ, ಚುಚ್ಚುತ್ತಾ, ಉರಿಯುತ್ತಾ, ಹಿಂಡಿದ ಹಾಗಾ, ಬೇರೆ ಕಡೆಗೆ ಹರಿಯುತ್ತಾ, ಏನು ಮಾಡಿದರೆ ಜಾಸ್ತಿ, ಏನು ಮಾಡಿದರೆ ಕಡಿಮೆ. ಆಮೇಲೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಒಂದು ಅಂಕಿ. ಆ ಅಂಕಿಯನ್ನು ಇನ್ನೊಬ್ಬರ ಅಂಕಿಗೆ ಹೋಲಿಸುವಂತಿಲ್ಲ. ನಿಮ್ಮ ಏಳು ಪಕ್ಕದವರ ನಾಲ್ಕಾಗಿರಬಹುದು. ಮಾತ್ರೆ ಕೊಟ್ಟ ಮೇಲೆ ನಿಮ್ಮ ಏಳು ಮೂರಕ್ಕೆ ಇಳಿಯಿತಾ ಅಂತ ನೋಡೋಕೆ ಅದು ಇರುವುದು.

‘ಯಾಕೆ’ ಅನ್ನುವ ಪದವನ್ನು ಮಾತ್ರ ಹುಷಾರಾಗಿ ಬಳಸಬೇಕು. ‘ಮಾತ್ರೆ ಯಾಕೆ ನಿಲ್ಲಿಸಿದಿರಿ?’ ಅಂದರೆ ಗದರಿದ ಹಾಗೆ ಕೇಳುತ್ತದೆ. ರೋಗಿ ನೆಪ ಹುಡುಕಲು ಶುರು ಮಾಡುತ್ತಾರೆ. ‘ಮಾತ್ರೆ ತಗೊಂಡಾಗ ಏನಾಗ್ತಿತ್ತು?’ ಅಂದರೆ, ತಲೆ ಸುತ್ತುತ್ತಿತ್ತು, ಅದಕ್ಕೆ ಬಿಟ್ಟೆ ಅನ್ನುವ ನಿಜ ಸಿಗುತ್ತದೆ.

ಮಾತ್ರೆ ಅಂದಾಗ ನೆನಪಾಯಿತು. ‘ಯಾವುದಾದರೂ ಔಷಧಿ ತಗೊಳ್ತಿದ್ದೀರಾ?’ ಅನ್ನುವ ಪ್ರಶ್ನೆಗೆ ಬರುವ ‘ಇಲ್ಲ’ವನ್ನು ಯಾವ ನರ್ಸ್ ಕೂಡ ಪೂರ್ತಿ ನಂಬುವುದಿಲ್ಲ, ನಂಬಲೂಬಾರದು. ಕಣ್ಣಿಗೆ ಬಿಡುವ ಹನಿ, ಉಸಿರಿಗೆ ಎಳೆಯುವ ಪಂಪು, ಗರ್ಭನಿರೋಧಕ ಮಾತ್ರೆ, ಇನ್ಸುಲಿನ್, ತಲೆನೋವಿಗೆ ತಾವೇ ಕೊಂಡು ನುಂಗುವ ಗುಳಿಗೆ, ಗಿಡಮೂಲಿಕೆ ಪುಡಿ, ಇವೆಲ್ಲ ಜನರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿರುವುದು ಆಪರೇಷನ್‌ಗೆ ಮುಂಚೆ ಗೊತ್ತಾಗದಿದ್ದರೆ ಏನಾಗಬಹುದು, ಯೋಚಿಸಿ. ಅಲರ್ಜಿ ಕೂಡ ಹಾಗೇ. ‘ಪೆನಿಸಿಲಿನ್ ಆಗಲ್ಲ’ ಅಂದರೆ ಸಾಲದು, ತಗೊಂಡಾಗ ಏನಾಯಿತು ಅನ್ನುವುದು ಬೇಕು. ಹೊಟ್ಟೆ ತೊಳೆಸಿದ್ದೇ ಬೇರೆ, ಗಂಟಲು ಊದಿ ಉಸಿರು ಕಟ್ಟಿದ್ದೇ ಬೇರೆ.

ಮುಜುಗರದ ವಿಷಯಗಳಿವೆ. ಕುಡಿತ, ಲೈಂಗಿಕ ಜೀವನ, ಮನೆಯಲ್ಲಿ ಹೊಡೆತ. ಇವನ್ನು ಕೇಳುವ ಮುಂಚೆ ಜೊತೆಗೆ ಬಂದವರನ್ನು ಹೊರಗೆ ಕಳಿಸಬೇಕು. ಹೊಡೆಯುವ ವ್ಯಕ್ತಿಯೇ ಪಕ್ಕದಲ್ಲಿ ನಿಂತಿದ್ದರೆ ಯಾರು ತಾನೇ ಬಾಯಿಬಿಡುತ್ತಾರೆ? ಭಾಷೆ ಬಾರದವರಿಗೆ ಮನೆಯ ಮಗುವನ್ನು ದುಭಾಷಿ ಮಾಡಬಾರದು. ತಾಯಿಯ ರಕ್ತಸ್ರಾವದ ವಿಷಯವನ್ನು ಹತ್ತು ವರ್ಷದ ಮಗನ ಬಾಯಲ್ಲಿ ಹೇಳಿಸುವುದು ಇಬ್ಬರಿಗೂ ಹಿಂಸೆ. ಎಲ್ಲಕ್ಕಿಂತ ಜಾಸ್ತಿ ಹಿಂಜರಿಯುವುದು ‘ಸಾಯಬೇಕು ಅನ್ನಿಸಿದೆಯಾ?’ ಅಂತ ಕೇಳುವಾಗ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಅಂತ ತುಂಬ ಜನ ಹೆದರುತ್ತಾರೆ. ಅದು ನಿಜವಲ್ಲ. ನೇರವಾಗಿ, ಮೆತ್ತಗೆ ಕೇಳಿದಾಗ ಎಷ್ಟೋ ಜನಕ್ಕೆ ಎದೆ ಮೇಲಿನ ಭಾರ ಇಳಿದ ಹಾಗಾಗುತ್ತದೆ.

ಇದೆಲ್ಲ ರೋಗಿ ಹೇಳಿದ್ದು. ಇನ್ನರ್ಧ ನರ್ಸ್ ತಾವೇ ಕಂಡದ್ದು, ಅಳೆದದ್ದು. ಮೊದಲನೆಯದು ರೋಗಿಗೆ ಮಾತ್ರ ಗೊತ್ತಿರುವ ಸಂಗತಿ, ಉದಾಹರಣೆಗೆ ನೋವು, ವಾಕರಿಕೆ, ಭಯ. ಎರಡನೆಯದು ಯಾರು ಅಳೆದರೂ ಸಿಗುವಂಥದ್ದು, ಉದಾಹರಣೆಗೆ ಜ್ವರ, ನಾಡಿ, ಗಾಯದ ಅಗಲ. ಇದು ಶುರುವಾಗುವುದು ಯಂತ್ರ ಹಿಡಿದಾಗ ಅಲ್ಲ, ರೋಗಿ ಬಾಗಿಲಲ್ಲಿ ಕಂಡಾಗಲೇ. ನಡಿಗೆ ಒಂದು ಕಡೆಗೆ ವಾಲುತ್ತಿದೆಯಾ? ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲರಾ, ಎರಡು ಪದಕ್ಕೊಮ್ಮೆ ನಿಲ್ಲುತ್ತಾರಾ? ನಗುವಾಗ ಬಾಯಿಯ ಎರಡೂ ಮೂಲೆ ಏಳುತ್ತವೆಯಾ? ಮೈ ಬಣ್ಣ ಕಪ್ಪಿರುವವರಲ್ಲಿ ಆಮ್ಲಜನಕ ಕಡಿಮೆಯಾಗಿ ಚರ್ಮ ನೀಲಿಗಟ್ಟಿದ್ದು ಮುಖದಲ್ಲಿ ಸುಲಭಕ್ಕೆ ಕಾಣುವುದಿಲ್ಲ. ತುಟಿಯ ಒಳಭಾಗ, ನಾಲಿಗೆ, ಕಣ್ಣಿನ ಕೆಳರೆಪ್ಪೆಯ ಒಳಗೆ ನೋಡಬೇಕು. ಬೆರಳಿಗೆ ಸಿಕ್ಕಿಸುವ ಆಮ್ಲಜನಕದ ಕ್ಲಿಪ್ ಕೂಡ ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. 2020ರಲ್ಲಿ ಬಂದ ಒಂದು ಅಧ್ಯಯನದ ನಂತರ ಇದರ ಬಗ್ಗೆ ಎಚ್ಚರ ಹೆಚ್ಚಿದೆ.

ಬಿಪಿ ನೋಡುವುದು ಎಲ್ಲರಿಗೂ ಗೊತ್ತಿರುವ ಕೆಲಸ ಅನ್ನಿಸುತ್ತದೆ, ಅಲ್ವಾ? ಆದರೆ ತಪ್ಪಾಗುವುದೂ ಇಲ್ಲೇ ಜಾಸ್ತಿ. ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂತಿರಬೇಕು. ಅರ್ಧ ಗಂಟೆಯೊಳಗೆ ಕಾಫಿ, ಸಿಗರೇಟು ಆಗಿರಬಾರದು. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ಕಾಲ ಮೇಲೆ ಕಾಲಿಲ್ಲ, ಕೈ ಎದೆಯ ಮಟ್ಟಕ್ಕೆ. ಮೂತ್ರ ಕಟ್ಟಿಕೊಂಡಿದ್ದರೂ ಬಿಪಿ ಏರುತ್ತದೆ, ಮಾತಾಡುತ್ತಿದ್ದರೂ ಏರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಸುಳ್ಳೇ ಜಾಸ್ತಿ ತೋರಿಸುತ್ತದೆ. ಎದ್ದಾಗ ತಲೆ ಸುತ್ತುತ್ತದೆ ಅನ್ನುವವರಿಗೆ ಮಲಗಿಸಿ ಒಮ್ಮೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡುತ್ತಾರೆ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಕುಸಿದರೆ ಅವರು ರಾತ್ರಿ ಒಬ್ಬರೇ ಎದ್ದರೆ ಬೀಳುವ ಅಪಾಯವಿದೆ.

ಉಸಿರು ಎಣಿಸುವುದರಲ್ಲಿ ಒಂದು ಸೊಗಸಾದ ಉಪಾಯವಿದೆ. ‘ನಿಮ್ಮ ಉಸಿರು ಎಣಿಸ್ತೀನಿ’ ಅಂದ ತಕ್ಷಣ ಯಾರ ಉಸಿರೂ ಮೊದಲಿನ ಹಾಗಿರುವುದಿಲ್ಲ. ಅದಕ್ಕೆ ನರ್ಸ್ ನಾಡಿ ಎಣಿಸಿ ಮುಗಿಸಿದರೂ ಬೆರಳನ್ನು ಮಣಿಕಟ್ಟಿನ ಮೇಲೇ ಇಟ್ಟಿರುತ್ತಾರೆ. ಕಣ್ಣು ಮೆಲ್ಲಗೆ ಎದೆಯ ಕಡೆ ಹೋಗುತ್ತದೆ. ನೀವು ನಾಡಿ ನೋಡುತ್ತಿದ್ದಾರೆ ಅಂದುಕೊಂಡಿರುತ್ತೀರಿ, ಅವರು ಉಸಿರು ಎಣಿಸುತ್ತಿರುತ್ತಾರೆ. ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20. ಗಡಿಬಿಡಿಯ ವಾರ್ಡುಗಳಲ್ಲಿ ಎಣಿಸದೆ ಅಂದಾಜಿಗೆ ಬರೆಯುವುದು ಇದನ್ನೇ. ನನಗೆ ಇದು ತುಂಬ ಸಂಕಟ ಕೊಡುವ ವಿಷಯ, ಯಾಕೆಂದರೆ ದೇಹ ಕೆಡಲು ಶುರುವಾದಾಗ ಮೊದಮೊದಲು ಸುಳಿವು ಕೊಡುವುದರಲ್ಲಿ ಉಸಿರಿನ ವೇಗವೂ ಒಂದು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಅಂಕ ಹಾಕುವ ಒಂದು ಪದ್ಧತಿ ತಂದಿತು. ಉಸಿರು, ಆಮ್ಲಜನಕ, ಬಿಪಿ, ನಾಡಿ, ಎಚ್ಚರ, ಜ್ವರ ಇವಕ್ಕೆಲ್ಲ ಅಂಕ ಕೊಟ್ಟು ಕೂಡುತ್ತಾರೆ. ಹೊರಗಿಂದ ಆಮ್ಲಜನಕ ಕೊಡುತ್ತಿದ್ದರೆ ಅದಕ್ಕೂ ಅಂಕ ಸೇರುತ್ತದೆ. ಮೊತ್ತ 5 ಆದರೆ ತಕ್ಷಣ ಗಮನ ಬೇಕು, 7 ಮುಟ್ಟಿದರೆ ತುರ್ತು. ಅದರಲ್ಲಿ ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ.

ಆಮೇಲೆ ಕೈ. ನೋಡು, ಮುಟ್ಟು, ತಟ್ಟು, ಆಲಿಸು, ಇದು ಪರೀಕ್ಷೆಯ ಹಳೆಯ ಕ್ರಮ. ತಟ್ಟಿ ನೋಡುವುದನ್ನು 1761ರಲ್ಲಿ ಬರೆದು ತಿಳಿಸಿದವರು ಆಸ್ಟ್ರಿಯಾದ ವೈದ್ಯ ಔಯೆನ್‌ಬ್ರುಗ್ಗರ್. ಸ್ಟೆತಸ್ಕೋಪ್ ಬಂದಿದ್ದು 1816ರಲ್ಲಿ, ಫ್ರಾನ್ಸಿನ ಲೆನೆಕ್ ಅವರಿಂದ. ಹೊಟ್ಟೆಯ ವಿಷಯದಲ್ಲಿ ಮಾತ್ರ ಈ ಕ್ರಮ ಬದಲಾಗುತ್ತದೆ. ಅಲ್ಲಿ ನೋಡಿದ ಮೇಲೆ ಮೊದಲು ಆಲಿಸಬೇಕು, ಆಮೇಲೆ ತಟ್ಟುವುದು, ಒತ್ತುವುದು. ಮೊದಲೇ ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು. ನೋವಿರುವ ಜಾಗವನ್ನು ಎಲ್ಲಕ್ಕಿಂತ ಕೊನೆಗೆ ಮುಟ್ಟುತ್ತಾರೆ. ಇಲ್ಲದಿದ್ದರೆ ರೋಗಿ ಹೊಟ್ಟೆ ಬಿಗಿ ಹಿಡಿದುಬಿಡುತ್ತಾರೆ, ಏನೂ ಸಿಗುವುದಿಲ್ಲ. ಮುಟ್ಟುವ ಮುಂಚೆ ಹೇಳಿ ಮುಟ್ಟುವುದು, ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುವುದು, ಬೇಕಾದಷ್ಟು ಜಾಗ ಬಿಟ್ಟು ಉಳಿದಿದ್ದಕ್ಕೆ ಹೊದಿಕೆ ಹೊದಿಸುವುದು ಪುಸ್ತಕದಲ್ಲಿ ಒಂದೊಂದು ಸಾಲಿನ ಮಾತುಗಳು. ಮಲಗಿರುವವರಿಗೆ ಮಾತ್ರ ಅದೇ ದೊಡ್ಡದು.

ಮೂರು ದಿಂಬಿನ ಆ ಅಮ್ಮನ ಕಾಲನ್ನು ನರ್ಸ್ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿದು ಬಿಡುತ್ತಾರೆ. ಕಣಕಾಲ ಮೇಲೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ತೂಕ ನೋಡುತ್ತಾರೆ. ಊಟ ಸೇರುತ್ತಿಲ್ಲ ಅನ್ನುವವರ ತೂಕ ಏರಿದೆ! ಹಾಗಾದರೆ ಅದು ನೀರಿನ ತೂಕವೇ ಇರಬೇಕು. ಮೆಟ್ಟಿಲು, ದಿಂಬು, ಚಪ್ಪಲಿ, ಗುಳಿ, ತೂಕ. ಬಾಯಲ್ಲಿ ಹೇಳಿದ್ದೂ ಕೈಗೆ ಸಿಕ್ಕಿದ್ದೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಎರಡೂ ಹೊಂದದೆ ಹೋದಾಗ ಇನ್ನೂ ಜಾಸ್ತಿ ಎಚ್ಚರ ಬೇಕು. ‘ಆರಾಮಾಗಿದ್ದೀನಿ’ ಅನ್ನುವವರ ಹಣೆಯಲ್ಲಿ ತಣ್ಣನೆಯ ಬೆವರು. ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆನೋವೇ ಇಲ್ಲದೆ ಹೃದಯಾಘಾತ ಆಗಬಹುದು. ವಯಸ್ಸಾದವರಲ್ಲಿ ಸೋಂಕು ಜ್ವರವಿಲ್ಲದೆ ಬರಿಯ ಗೊಂದಲವಾಗಿ ಕಾಣಿಸಬಹುದು. ನಿನ್ನೆ ಮೊಮ್ಮಗಳ ಹೆಸರು ಹೇಳುತ್ತಿದ್ದ ಅಜ್ಜ ಇವತ್ತು ಎಲ್ಲಿದ್ದೀನಿ ಅಂತ ಕೇಳುತ್ತಿದ್ದರೆ ‘ವಯಸ್ಸಾಯಿತು ಬಿಡಿ’ ಅನ್ನುವಂತಿಲ್ಲ. ಇಲ್ಲಿ ಮನೆಯವರ ಮಾತಿಗೆ ಬೆಲೆ ಬಹಳ. ‘ಇವರು ಯಾವತ್ತೂ ಹೀಗಿರಲಿಲ್ಲ’ ಅನ್ನುವುದನ್ನು ಯಾವ ಯಂತ್ರವೂ ಹೇಳುವುದಿಲ್ಲ.

ಮಾತೇ ಬಾರದವರೂ ಇದ್ದಾರಲ್ಲ. ಮೂರು ವರ್ಷ ದಾಟಿದ ಮಕ್ಕಳಿಗೆ ಆರು ಮುಖಗಳ ಚಿತ್ರ ತೋರಿಸಿ, ನಿನ್ನ ನೋವು ಯಾವುದರ ಹಾಗಿದೆ ಅಂತ ಕೇಳುತ್ತಾರೆ. ಕೂಸಿನ ಮುಖ, ಕಾಲು, ಚಡಪಡಿಕೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾ ಅನ್ನುವುದು, ಈ ಐದನ್ನು ನೋಡಿ ಹತ್ತಕ್ಕೆ ಅಂಕ ಹಾಕುತ್ತಾರೆ. ತಲೆಗೆ ಪೆಟ್ಟಾದವರಿಗೆ 1974ರಲ್ಲಿ ಗ್ಲಾಸ್ಗೋದಲ್ಲಿ ರೂಪಿಸಿದ ಅಳತೆ ಇದೆ. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಸೇರಿ ಕಡಿಮೆ ಅಂದರೆ 3, ಜಾಸ್ತಿ ಅಂದರೆ 15.

ಕಂಡದ್ದನ್ನೆಲ್ಲ ಬರೆಯಬೇಕು, ಕಂಡ ಹಾಗೇ ಬರೆಯಬೇಕು. ‘ರೋಗಿ ಹಟ ಮಾಡುತ್ತಾರೆ’ ಅಂತ ಕೇಸ್ ಶೀಟಿನಲ್ಲಿ ಬರೆದರೆ ಮುಂದಿನ ಶಿಫ್ಟಿನವರೆಲ್ಲ ಅವರನ್ನು ಅದೇ ಕಣ್ಣಿನಿಂದ ನೋಡುತ್ತಾರೆ. ‘ಬೆಳಗಿನ ಮಾತ್ರೆ ಬೇಡವೆಂದರು, ನುಂಗುವಾಗ ಗಂಟಲು ನೋಯುತ್ತದೆ ಎಂದರು’ ಅಂತ ಬರೆದರೆ ಯಾರಾದರೂ ಗಂಟಲು ನೋಡುತ್ತಾರೆ. ಡಾಕ್ಟರಿಗೆ ಫೋನ್ ಮಾಡುವಾಗಲೂ ಒಂದು ಕ್ರಮವಿದೆ, ‘ಎಸ್‌ಬಾರ್’ ಅಂತ ಹೆಸರು. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು. ಈಗ ಏನಾಗುತ್ತಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತದೆ, ನಿಮ್ಮಿಂದ ಏನು ಬೇಕು. ನಮ್ಮ ನರ್ಸ್ ‘ಪೇಷೆಂಟಿಗೆ ಸುಸ್ತು ಡಾಕ್ಟರ್’ ಅನ್ನುವುದಿಲ್ಲ. ‘ಮೂರು ದಿಂಬಿಲ್ಲದೆ ಮಲಗಲು ಆಗುತ್ತಿಲ್ಲ, ಉಸಿರು 24, ಎರಡೂ ಕಾಲಲ್ಲಿ ಗುಳಿ ಬೀಳುವ ಊತ, ತೂಕ ಏರಿದೆ, ಹೃದಯದ ತೊಂದರೆ ಇರಬಹುದು ಅನ್ನಿಸುತ್ತಿದೆ, ಈಗಲೇ ಬಂದು ನೋಡಿ’ ಅನ್ನುತ್ತಾರೆ.

ನಾಲ್ಕನೇ ದಿನ ರಾತ್ರಿ ಡ್ಯೂಟಿಗೆ ಬೇರೆ ನರ್ಸ್ ಬಂದಿದ್ದಾರೆ. ಕೇಸ್ ಶೀಟ್ ಓದಿದ್ದಾರೆ. ಮೂತ್ರ ಹೋಗುವ ಔಷಧಿ ಶುರುವಾಗಿದೆ, ತೂಕ ಇಳಿಯುತ್ತಿದೆ. ‘ಚೆನ್ನಾಗಿದ್ದೀರಾ ಅಮ್ಮ?’ ಅಂತ ಕೇಳಿದ್ದರೆ ಆ ಅಮ್ಮ ಹೂಂ ಸಿಸ್ಟರ್ ಅನ್ನುತ್ತಿದ್ದರು. ಅವರು ಹಾಗೆ ಕೇಳಲಿಲ್ಲ.

‘ಇವತ್ತು ಎಷ್ಟು ದಿಂಬು ಇಡಲಿ?’

‘ಒಂದು ತೆಗೀರಿ. ಎರಡು ಸಾಕು.’